ಸ್ಕೇಟ್‌ಬೋರ್ಡ್ ಟ್ರಕ್‌ಗೆ ಬದಲಿ ಆಕ್ಸಲ್: ಹಿಂದಿನದಕ್ಕೆ ಸೈ, ಮುಂದಿನದಕ್ಕೆ ದಂಡ

ಎರಡು ಆಕ್ಸಲ್, ನಾಲ್ಕು ನಟ್, ಎಂಟು ವಾಷರ್ ಇರುವ ಸೆಟ್ ತರಿಸಿ 14 ತಿಂಗಳಾಯಿತು. ನನ್ನದು 8 ಇಂಚು ಅಗಲದ ಡೆಕ್ (ಕಾಲಿಡುವ ಹಲಗೆ), ಓಡಿಸೋದು ಬೆಂಗಳೂರಿನ ರಸ್ತೆಯಲ್ಲಿ, ವಾರಕ್ಕೆ ಮೂರ್ನಾಲ್ಕು ದಿನ.

ಚಕ್ರದ ಆಕ್ಸಲ್ ಹಿಡಿದಿರುವ ಲೋಹದ ಭಾಗವೇ ಟ್ರಕ್, ಡೆಕ್ ಕೆಳಗೆ ಹಿಂದೊಂದು, ಮುಂದೊಂದು. ಹಿಂದಿನ ಟ್ರಕ್‌ನ ಆಕ್ಸಲ್ ಬಾಗಿತ್ತು, ಮೆಟ್ಟಿಲು ಹಾರಿ ಒಂದೇ ಬದಿಗೆ ಇಳಿದಿದ್ದರ ಪ್ರಸಾದ. ಮುಂದಿನದಕ್ಕೆ ಬೇರೆ ಕಾಯಿಲೆ: ಆಕ್ಸಲ್ ಹ್ಯಾಂಗರ್ (ಟ್ರಕ್‌ನಲ್ಲಿ ಆಕ್ಸಲ್ ತೂರಿಸಿರುವ ತುಂಡು) ಒಳಗೇ ಅತ್ತಿತ್ತ ಜಾರುತ್ತಿತ್ತು. ಎಡಗಡೆ ನಟ್ ಬಿಗಿ ಮಾಡಿದರೆ ಬಲಗಡೆ ಚಕ್ರ ಹಿಡಿದುಕೊಳ್ಳುತ್ತಿತ್ತು. ಸುತ್ತಿಗೆಯಲ್ಲಿ ಬಡಿದು ಒಳಗೆ ತಳ್ಳಿದರೆ ಎರಡು ದಿನ ಸರಿ, ಆಮೇಲೆ ಅದೇ ಕಥೆ.

ಬಾಗಿದ ಆಕ್ಸಲ್ ತೆಗೆಯೋದೇ ದೊಡ್ಡ ಕೆಲಸ. ಮೊದಲು ಟ್ರಕ್‌ನ ರಬ್ಬರಿನಂಥ ಭಾಗಗಳಾದ ಬುಶಿಂಗ್, ಪಿವಟ್ ಕಪ್ ಬಿಚ್ಚಿಡಿ, ಇಲ್ಲಾಂದ್ರೆ ಬಿಸಿಗೆ ಕರಗುತ್ತವೆ. ಹ್ಯಾಂಗರ್ ಅಲ್ಯೂಮಿನಿಯಂ, ಆಕ್ಸಲ್ ಉಕ್ಕು. ಬಿಸಿ ಮಾಡಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ನಾವು ನಂಬಿಕೊಂಡಿರೋದು ಅದನ್ನೇ. ಹೊಸ ಆಕ್ಸಲನ್ನು ರಾತ್ರಿಯೇ ಫ್ರೀಜರ್‌ನಲ್ಲಿ ಬಟಾಣಿ ಪ್ಯಾಕೆಟ್ ಪಕ್ಕ ಇಟ್ಟಿದ್ದೆ (ಅಮ್ಮ ಕೇಳಿದ ಪ್ರಶ್ನೆ ಇಲ್ಲಿ ಬೇಡ). ಬೆಳಿಗ್ಗೆ ಹಾಟ್ ಏರ್ ಗನ್ ಹಿಡಿದು, ನೀರು ಚಿಮುಕಿಸಿದರೆ ಚುಯ್ ಅನ್ನುವವರೆಗೆ ಹ್ಯಾಂಗರ್ ಕಾಯಿಸಿದೆ. ನೆಟ್ಟಗಿದ್ದ ತುದಿಗೆ ಹಳೇ ನಟ್ ಹಾಕಿ ಬಡಿದೆ, ಕೊನೆಗೆ ನಟ್ ಬಿಚ್ಚಿ ಪಂಚ್‌ನಿಂದ ತಳ್ಳಿದೆ. ಬಾಗಿದ ತುದಿ ಮುಂದಾಗಿ ಹೊರಗೆ ಬಂತು. ಬಾಗಿದ್ದನ್ನು ತೂತಿನೊಳಗೆ ಎಳೆಯಬೇಡಿ, ತೂತೇ ಕೆಡುತ್ತದೆ. ಕೆಲವು ಟ್ರಕ್‌ಗಳಲ್ಲಿ ಆಕ್ಸಲ್ ಒಳಗಿಟ್ಟೇ ಎರಕ ಹೊಯ್ದಿರುತ್ತಾರೆ, ಅಂಥದ್ದು ಅಲುಗದಿದ್ದರೆ ಜಗಳಕ್ಕೆ ನಿಲ್ಲಬೇಡಿ.

ಇನ್ನೊಂದು ಎಚ್ಚರಿಕೆ. ಆಕ್ಸಲ್ ದಪ್ಪ 8 ಮಿ.ಮೀ. ಅಂತ ಎಂ8 ನಟ್ ತರಬೇಡಿ. ಇದರ ತ್ರೆಡ್ 5/16 ಇಂಚು, ಇಂಚಿಗೆ 24 ಸುತ್ತು. ಅಂಗಡಿಯವನು ಕೊಟ್ಟ ಎಂ8 ನಟ್ ಎರಡು ಸುತ್ತು ಹೋಗಿ ಕಚ್ಚಿಕೊಂಡಿತು, ತ್ರೆಡ್ ಸರಿಮಾಡಲು ಡೈ ಹುಡುಕಿಕೊಂಡು ಅರ್ಧ ದಿನ ಅಲೆದೆ.

ಈಗ ಫಲಿತಾಂಶ. ಹಿಂದಿನ ಟ್ರಕ್ ಇವತ್ತಿಗೂ ಕಲ್ಲು. ಒಂದು ಮಳೆಗಾಲ ಕಳೆದರೂ ತ್ರೆಡ್ ತುದಿಯಲ್ಲಿ ಸ್ವಲ್ಪ ತುಕ್ಕು ಬಿಟ್ಟರೆ ಬಾಗಿಲ್ಲ, ಜಾರಿಲ್ಲ. ಸೆಟ್ ಜೊತೆ ಬಂದ ವಾಷರ್ ಮಾತ್ರ ತಗಡು, ಮೂರು ತಿಂಗಳಿಗೇ ಸವೆದವು. ಮುಂದಿನ ಟ್ರಕ್? ಹೊಸ ಆಕ್ಸಲ್ ಕೈಯಲ್ಲೇ ಸಲೀಸಾಗಿ ಒಳಗೆ ಹೋದಾಗಲೇ ನನಗೆ ಅರ್ಥ ಆಗಬೇಕಿತ್ತು. ಹಾಳಾಗಿದ್ದು ಆಕ್ಸಲ್ ಅಲ್ಲ, ಹ್ಯಾಂಗರ್‌ನ ತೂತು. ಅದು ಅಗಲ ಆಗಿದ್ದರೆ ಅಷ್ಟೇ ದಪ್ಪದ ಹೊಸದು ಹಾಕಿ ಏನು ಬಂತು, ಅಲ್ವಾ? ಹನ್ನೆರಡು ದಿನಕ್ಕೆ ಮತ್ತೆ ಜಾರಿತು. ಆಕ್ಸಲ್ ಬಾಗಿದವರು ಈ ಸೆಟ್ ಧೈರ್ಯವಾಗಿ ತಗೊಳ್ಳಿ, ಜಾರುತ್ತಿದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಕೊನೆಗೆ ಮುಂದಿನ ಟ್ರಕ್ಕನ್ನು ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಅಣ್ಣ ತಿರುಗಿಸಿ ನೋಡಿ, "ಇದು ಯಾವ ಗಾಡೀದು?" ಅಂದರು. ಗ್ರೈಂಡ್ ಮಾಡುವಾಗ (ಕಟ್ಟೆಯ ಅಂಚಿನ ಮೇಲೆ ಟ್ರಕ್ ಉಜ್ಜಿಕೊಂಡು ಜಾರುವಾಗ) ತಾಗದ ಕಡೆ ಸಣ್ಣ ತೂತು ಕೊರೆದು, ತ್ರೆಡ್ ಹಾಕಿ, ಆಕ್ಸಲನ್ನು ಒತ್ತಿ ಹಿಡಿಯುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಬಿಗಿದು ಕೊಟ್ಟರು. ನಾಲ್ಕು ತಿಂಗಳಿಂದ ಅಲುಗಿಲ್ಲ.