ರಾಗಿ ಎಲೆಯಲ್ಲಿ ಜೀನ್ ಅಭಿವ್ಯಕ್ತಿ ಅಳೆಯಲು ಯಾವುದು ಸರಿ: ಕ್ಯೂಪಿಸಿಆರ್, ಡಿಜಿಟಲ್ ಪಿಸಿಆರ್, ಆರ್‌ಎನ್‌ಎ-ಸೀಕ್

ನೀರಿಲ್ಲದೆ ಬಾಡುತ್ತಿರುವ ರಾಗಿ ಗಿಡದಲ್ಲಿ ಒಂದು ಜೀನ್ ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ ಎಂದು ಅಳೆಯಲು ಈಗ ಬಳಕೆಯಲ್ಲಿರುವ ಮುಖ್ಯ ದಾರಿಗಳು ಮೂರು: ಕ್ಯೂಪಿಸಿಆರ್, ಡಿಜಿಟಲ್ ಪಿಸಿಆರ್, ಆರ್‌ಎನ್‌ಎ-ಸೀಕ್. ಕೆಲಸ ಮಾಡುವ ಜೀನ್ ತನ್ನ ಆರ್‌ಎನ್‌ಎ ನಕಲುಗಳನ್ನು ಹೊರಡಿಸುತ್ತದೆ, ಮೂರೂ ಅಳೆಯುವುದು ಅವನ್ನೇ. ಒಂದೇ ಎಲೆಯ ಆರ್‌ಎನ್‌ಎಯನ್ನು ಮೂರಕ್ಕೂ ಹಾಕಿದರೆ, ಜೀನ್ ಏರಿತೋ ಇಳಿಯಿತೋ ಎಂಬುದರಲ್ಲಿ ಸಾಮಾನ್ಯವಾಗಿ ತಕರಾರಿರುವುದಿಲ್ಲ. ತಕರಾರು ಬರುವುದು ಎಷ್ಟು ಪಟ್ಟು ಎಂಬಲ್ಲಿ. ಪ್ರತಿಯೊಂದು ವಿಧಾನವೂ ತನ್ನದೇ ಬಗೆಯಲ್ಲಿ ತಪ್ಪುತ್ತದೆ. ನಿಮ್ಮ ಪ್ರಶ್ನೆ ಯಾವ ತಪ್ಪನ್ನು ತಾಳಿಕೊಳ್ಳುತ್ತದೆ ಎಂದು ನೋಡಿ ಆರಿಸಿಕೊಳ್ಳಬೇಕು.

ರಾಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಇದು ಟೆಟ್ರಾಪ್ಲಾಯ್ಡ್ (ವರ್ಣತಂತುಗಳ ನಾಲ್ಕು ಕಟ್ಟಿರುವ) ಬೆಳೆ, 36 ವರ್ಣತಂತುಗಳು, ಎ ಮತ್ತು ಬಿ ಎಂಬ ಎರಡು ಜೀನೋಮ್ (ಜೀನ್‌ಗಳ ಪೂರ್ತಿ ಗಂಟು) ಒಟ್ಟಿಗಿವೆ. ಬರ ತಡೆಯುವ ಎಂಎಲ್-365 ತಳಿಯ ಕರಡು ಜೀನೋಮನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿತು. ಹೆಚ್ಚಿನ ಜೀನ್‌ಗಳಿಗೆ ಎ ಪ್ರತಿ, ಬಿ ಪ್ರತಿ ಎಂದು ಎರಡೆರಡು ಇರುತ್ತವೆ, ಎರಡರ ಡಿಎನ್‌ಎ ಅಕ್ಷರಗಳೂ (ಬೇಸ್) ಬಹುಪಾಲು ಒಂದೇ. ಪ್ರಯೋಗಾಲಯದ ಮಾದರಿ ಗಿಡ ಅರಾಬಿಡಾಪ್ಸಿಸ್ ನೋಡಿ ಬರೆದ ಕೈಪಿಡಿಗಳಲ್ಲಿ ಈ ತೊಡಕಿನ ಸುದ್ದಿಯೇ ಇಲ್ಲ.

ಮೊದಲು ಆರ್‌ಎನ್‌ಎ

ಇಲ್ಲಿ ಕೆಟ್ಟರೆ ಮುಂದಿನ ಯಾವ ಯಂತ್ರವೂ ಸರಿಪಡಿಸಲಾರದು. ನೀರು ಕೊಟ್ಟ ಗಿಡ, ಕೊಡದ ಗಿಡ ಎರಡರಿಂದಲೂ ಎಲೆಯನ್ನು ದಿನದ ಒಂದೇ ಹೊತ್ತಿನಲ್ಲಿ ಕೀಳಬೇಕು. ಸಸ್ಯದ ಎಷ್ಟೋ ಜೀನ್‌ಗಳು ಗಡಿಯಾರಕ್ಕೆ ಕಟ್ಟುಬಿದ್ದಿವೆ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಊಟದ ನಂತರ ಕಿತ್ತರೆ ನೀವು ಅಳೆಯುವುದು ಬರವನ್ನಲ್ಲ, ಹೊತ್ತನ್ನು. ಕಿತ್ತ ಕೂಡಲೇ ಲಿಕ್ವಿಡ್ ನೈಟ್ರೋಜನ್‌ಗೆ ಹಾಕಿ.

ಎಳೆ ಎಲೆಗೆ ಆರ್‌ಎನ್‌ಎ ತೆಗೆಯುವ ಸಿದ್ಧ ದ್ರಾವಣ ಟ್ರೈಜಾಲ್ ಸಾಕು: 100 ಮಿಲಿಗ್ರಾಂ ಪುಡಿಗೆ 1 ಮಿಲಿಲೀಟರ್. ಹೆಚ್ಚು ಆರ್‌ಎನ್‌ಎ ಸಿಗಲೆಂದು ಎಲೆ ಹೆಚ್ಚಿಸಿದರೆ ಸಿಗುವುದು ಲೋಳೆ. ಬೇರು, ಬಲಿತ ಎಲೆ, ಕಾಳು ಕಟ್ಟುತ್ತಿರುವ ತೆನೆಗೆ ಸಿಟಿಎಬಿ ಎಂಬ ಮಾರ್ಜಕದ ಬಫರೇ ಗತಿ: ಬಫರ್‌ಗೆ ಶೇ 2 ಪಿವಿಪಿ, ಬಳಸುವ ಮುಂಚೆ ಶೇ 2 ಬೀಟಾ-ಮರ್ಕ್ಯಾಪ್ಟೋಇಥನಾಲ್, 65 ಡಿಗ್ರಿ ಶಾಖ, ಕ್ಲೋರೋಫಾರ್ಮ್-ಐಸೋಅಮೈಲ್ ಆಲ್ಕೋಹಾಲ್ (24:1) ಎರಡು ಸಲ, ಆಮೇಲೆ ಕೊನೆಯ ಸಾಂದ್ರತೆ 2 ಮೋಲಾರ್ ಬರುವಷ್ಟು ಲಿಥಿಯಂ ಕ್ಲೋರೈಡ್ ಸೇರಿಸಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಆರ್‌ಎನ್‌ಎ ತಳಕ್ಕೆ ಕೂರುತ್ತದೆ. ಡಿಎನ್‌ಎ, ಸಕ್ಕರೆಯ ಅಂಶಗಳು ಬಹುಮಟ್ಟಿಗೆ ಮೇಲಿನ ದ್ರವದಲ್ಲೇ ಉಳಿಯುತ್ತವೆ. ಸಣ್ಣ ಆರ್‌ಎನ್‌ಎಗಳೂ ಅದರ ಜೊತೆಗೇ ಹೋಗುತ್ತವೆ, ಹಾಗಾಗಿ ಮೈಕ್ರೋಆರ್‌ಎನ್‌ಎ ಬೇಕಾದವರು ಈ ದಾರಿ ಹಿಡಿಯಬಾರದು.

ಶುದ್ಧತೆ ತೋರುವ 260/280 ಅನುಪಾತ (260 ಮತ್ತು 280 ನ್ಯಾನೋಮೀಟರ್ ಬೆಳಕನ್ನು ಹೀರಿದ ಪ್ರಮಾಣ) 2ರ ಹತ್ತಿರ ಬಂತೆಂದು ಸಮಾಧಾನ ಬೇಡ. ಸಸ್ಯದಲ್ಲಿ ಗುಟ್ಟು ಬಿಡುವುದು 260/230, ಅದು 1.8ಕ್ಕಿಂತ ತೀರಾ ಕೆಳಗಿದ್ದರೆ ಸಕ್ಕರೆಯೋ ಫೀನಾಲೋ ಗ್ವಾನಿಡಿನ್ ಉಪ್ಪೋ ಉಳಿದಿದೆ. ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂದು ಹತ್ತಕ್ಕೆ ಅಂಕ ಕೊಡುವ ಆರ್‌ಐಎನ್ ಅಂಕಿಯ ವಿಷಯದಲ್ಲಂತೂ ಹಸಿರು ಎಲೆಗೆ ಅನ್ಯಾಯವಾಗುತ್ತದೆ. ಕ್ಲೋರೋಪ್ಲಾಸ್ಟಿನ (ಎಲೆಯ ಹಸಿರು ಕಣದ) ರೈಬೋಸೋಮಲ್ ಆರ್‌ಎನ್‌ಎ ಗ್ರಾಫಿನಲ್ಲಿ ಹೆಚ್ಚುವರಿ ಶಿಖರಗಳಾಗಿ ಕಾಣುತ್ತದೆ, ಸಾಫ್ಟ್‌ವೇರ್ ಅದನ್ನು ಒಡೆದ ಆರ್‌ಎನ್‌ಎ ಎಂದು ಓದಿ ಅಂಕ ಕತ್ತರಿಸುತ್ತದೆ. ಎಲೆಗೆ 7 ಬಂದು ಶಿಖರಗಳು ಚೂಪಾಗಿದ್ದರೆ ಮುಂದುವರಿಯಿರಿ. ಬೇರಿಗೆ ಅದೇ 7 ಬಂದರೆ ಅನುಮಾನ ಪಡಿ, ಅಲ್ಲಿ ಕ್ಲೋರೋಪ್ಲಾಸ್ಟಿನ ನೆಪವಿಲ್ಲ.

ಕ್ಯೂಪಿಸಿಆರ್

ಆರ್‌ಎನ್‌ಎಯನ್ನು ಸಿಡಿಎನ್‌ಎ (ಅದರ ಡಿಎನ್‌ಎ ನಕಲು) ಮಾಡಿ, ಜೀನಿನ ಒಂದು ತುಣುಕನ್ನು ಸೈಕಲ್ ಸೈಕಲ್‌ಗೂ ಇಮ್ಮಡಿಸುತ್ತ, ಹೊಳಪು ಎಷ್ಟನೆಯ ಸೈಕಲ್‌ನಲ್ಲಿ ಗೆರೆ ದಾಟಿತು (ಸಿ-ಟಿ) ಎಂದು ನೋಡುವ ವಿಧಾನ ಇದು. ಸಿ-ಟಿ ಕಡಿಮೆಯಿದ್ದಷ್ಟೂ ಆರ್‌ಎನ್‌ಎ ಹೆಚ್ಚು. ಹತ್ತು ಹದಿನೈದು ಜೀನ್‌ಗಳೊಳಗಿನ ಪ್ರಶ್ನೆಯಾದರೆ ಇದೇ ಮೊದಲ ಆಯ್ಕೆ. 1 ಮೈಕ್ರೋಗ್ರಾಂ ಆರ್‌ಎನ್‌ಎಗೆ ಉಳಿದ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿ, 20 ಮೈಕ್ರೋಲೀಟರ್ ಸಿಡಿಎನ್‌ಎ ಮಾಡಿ, ಹತ್ತು ಪಟ್ಟು ತೆಳು ಮಾಡಿ. ಒಂದು ಗುಂಡಿಗೆ 10 ಮೈಕ್ರೋಲೀಟರ್: ಸೈಬರ್ ಗ್ರೀನ್ ಮಿಶ್ರಣ 5, 10 ಮೈಕ್ರೋಮೋಲಾರ್ ಪ್ರೈಮರ್ (ತುಣುಕಿನ ಎರಡು ತುದಿ ಗುರುತಿಸುವ ಚಿಕ್ಕ ಡಿಎನ್‌ಎ) ತಲಾ 0.3, ನೀರು 2.4, ಸಿಡಿಎನ್‌ಎ 2. ಆಂಪ್ಲಿಕಾನ್ (ಇಮ್ಮಡಿಸುವ ತುಣುಕು) 80ರಿಂದ 150 ಬೇಸ್ ಇರಲಿ.

ಗುಂಡಿಗಳ ಲೆಕ್ಕ ಮೊದಲೇ ಹಾಕಿಕೊಳ್ಳಿ. ಎರಡು ಸ್ಥಿತಿ, ತಲಾ ನಾಲ್ಕು ಗಿಡ, ಹತ್ತು ಜೀನ್, ಎರಡು ರೆಫರೆನ್ಸ್ ಜೀನ್ (ಹೋಲಿಕೆಗೆ ಇಡುವ ಸ್ಥಿರ ಜೀನ್), ಎಲ್ಲವೂ ಎರಡೆರಡು ಸಲ ಎಂದರೆ 192 ಗುಂಡಿ. 96 ಗುಂಡಿಯ ಎರಡು ಪ್ಲೇಟಿಗೆ ಸರಿಹೋಯಿತು ಅನ್ನುವಷ್ಟರಲ್ಲಿ ಸಿಡಿಎನ್‌ಎ ಇಲ್ಲದ ಕಂಟ್ರೋಲ್ 24 ಗುಂಡಿ ಕೇಳುತ್ತದೆ, ಮೂರನೆಯ ಪ್ಲೇಟ್ ಬೇಕೇ ಬೇಕು. ಒಂದು ಜೀನಿನ ಎಲ್ಲ ಸ್ಯಾಂಪಲ್‌ಗಳೂ ಒಂದೇ ಪ್ಲೇಟಿನಲ್ಲಿರಲಿ. ಒಂದೇ ಗಿಡದ ಮೂರು ಎಲೆ ಮೂರು ರೆಪ್ಲಿಕೇಟ್ (ಸ್ವತಂತ್ರ ಮರು ಅಳತೆ) ಆಗುವುದಿಲ್ಲ.

ತಪ್ಪುವುದು ಮೂರು ಕಡೆ. ಮೊದಲನೆಯದು ಎಫಿಶಿಯೆನ್ಸಿ. ಪ್ರತಿ ಸೈಕಲ್‌ನಲ್ಲಿ 2 ಪಟ್ಟಾಗುವ ಬದಲು 1.9 ಪಟ್ಟಾದರೆ, 25 ಸೈಕಲ್ ಮುಗಿಯುವ ಹೊತ್ತಿಗೆ ಉತ್ಪನ್ನದ ವ್ಯತ್ಯಾಸ ಸುಮಾರು 3.6 ಪಟ್ಟು. ಸಿಡಿಎನ್‌ಎಯನ್ನು ಹಂತಹಂತವಾಗಿ ತೆಳು ಮಾಡಿ ಸಿ-ಟಿ ಗುರುತಿಸಿದ ಗೆರೆಯ, ಅಂದರೆ ಸ್ಟ್ಯಾಂಡರ್ಡ್ ಕರ್ವ್‌ನ ಇಳಿಜಾರು −3.1ರಿಂದ −3.6ರ ಒಳಗಿರಬೇಕು. ಇದೇ ಪರೀಕ್ಷೆ ಕಲ್ಮಶವನ್ನೂ ಹಿಡಿಯುತ್ತದೆ: ಸಿಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿದಾಗ ಸಿ-ಟಿ 3.3ರಷ್ಟು ಏರಬೇಕು. ಎರಡಷ್ಟೇ ಏರಿದರೆ ಗಟ್ಟಿ ಸ್ಯಾಂಪಲ್‌ನಲ್ಲಿ ಏನೋ ಕಿಣ್ವವನ್ನು ತಡೆಯುತ್ತಿದೆ.

ಎರಡನೆಯದು ರೆಫರೆನ್ಸ್ ಜೀನ್. ಆಕ್ಟಿನ್, ಜಿಎಪಿಡಿಎಚ್ ಎಂದು ಕಣ್ಣುಮುಚ್ಚಿ ಹಾಕುವ ಚಾಳಿ ಇನ್ನೂ ಬಿಟ್ಟಿಲ್ಲ. ಜಿಎಪಿಡಿಎಚ್ ಸಕ್ಕರೆ ಚಯಾಪಚಯದ ಕಿಣ್ವ. ಬರದಲ್ಲಿ ಅದು ಅಲುಗದೆ ನಿಲ್ಲಲಿ ಎಂದು ಬಯಸುವುದೇ ಅತಿಯಾಸೆ. ಅರಾಬಿಡಾಪ್ಸಿಸ್‌ನಲ್ಲಿ ಪಿಪಿ2ಎ ಉಪಘಟಕದಂಥ ಜೀನ್‌ಗಳು ಹಳೆಯ ಹೆಸರುಗಳಿಗಿಂತ ಸ್ಥಿರ ಎಂದು 2005ರಲ್ಲೇ ತೋರಿಸಿದ್ದಾಯಿತು. ರಾಗಿಗೂ ಐದಾರು ಜೀನ್‌ಗಳನ್ನು ನಿಮ್ಮದೇ ಸ್ಯಾಂಪಲ್‌ನಲ್ಲಿ ಪರೀಕ್ಷಿಸಿ, ಸ್ಥಿರವಾದ ಎರಡನ್ನು ಉಳಿಸಿಕೊಂಡು ಜ್ಯಾಮಿತೀಯ ಸರಾಸರಿ ಬಳಸಿ.

ಮೂರನೆಯದು ರಾಗಿಯ ಸ್ವಂತ ತೊಂದರೆ. ಉತ್ಪನ್ನವನ್ನು ಕಾಯಿಸಿ ಅದು ಯಾವ ಉಷ್ಣತೆಯಲ್ಲಿ ಕರಗುತ್ತದೆ (ಎಳೆ ಬಿಡುತ್ತದೆ) ಎಂದು ನೋಡುವ ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ ಬಂದರೆ ಒಂದೇ ಜೀನ್ ಎಂದು ನಂಬುತ್ತೇವೆ. ಎ, ಬಿ ಪ್ರತಿಗಳ ನಡುವೆ ಒಂದೆರಡು ಅಕ್ಷರ ಮಾತ್ರ ಬೇರೆಯಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಉಷ್ಣತೆಯಲ್ಲಿ ಕರಗುತ್ತವೆ, ಶಿಖರ ಒಂದೇ ಕಾಣುತ್ತದೆ. ಎ ಪ್ರತಿ ನಾಲ್ಕು ಪಟ್ಟು ಏರಿ ಬಿ ಪ್ರತಿ ಕದಲದೆ ನಿಂತಿದ್ದರೂ ನಿಮಗೆ ಸಿಗುವುದು ಎರಡರ ಮಿಶ್ರಣ. ಪಿಸಿಆರ್ ಉತ್ಪನ್ನವನ್ನು ಅಕ್ಷರ ಅಕ್ಷರವಾಗಿ ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸಿ: ಅಲ್ಲಲ್ಲಿ ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರ ಕಂಡರೆ ಎರಡೂ ಪ್ರತಿ ಬಂದಿವೆ ಎಂದರ್ಥ. ಪ್ರೈಮರಿನ 3' ತುದಿಯನ್ನು (ಕೊನೆಯ ತುದಿಯನ್ನು) ಆ ಬೇರೆಯಾದ ಅಕ್ಷರದ ಮೇಲೇ ಕೂರಿಸಿದರೆ ಪ್ರತಿಗಳನ್ನು ಬೇರ್ಪಡಿಸಬಹುದು, ಪ್ರೈಮರ್ ಅಂಟುವ (ಅನೀಲಿಂಗ್) ಉಷ್ಣತೆಯನ್ನು ಗ್ರೇಡಿಯೆಂಟ್ ಹಾಕಿ ಹುಡುಕಬೇಕು.

ಡಿಜಿಟಲ್ ಪಿಸಿಆರ್

ಇದು 20 ಮೈಕ್ರೋಲೀಟರ್ ಪಿಸಿಆರ್ ಮಿಶ್ರಣವನ್ನು ಸುಮಾರು 20,000 ಹನಿಗಳಾಗಿ ಒಡೆದು, ಯಾವ ಹನಿ ಹೊಳೆಯಿತು, ಯಾವುದು ಇಲ್ಲ ಎಂದು ನೋಡಿ, ಪ್ವಾಸೋನ್ ಸೂತ್ರದಿಂದ ಪ್ರತಿಗಳ ಸಂಖ್ಯೆ ಹೇಳುತ್ತದೆ. ಸೇರಿನಲ್ಲಿ ಅಳೆಯುವ ಬದಲು ಕಾಳು ಎಣಿಸಿದ ಹಾಗೆ. ಸ್ಟ್ಯಾಂಡರ್ಡ್ ಕರ್ವ್ ಬೇಡ, ಎಫಿಶಿಯೆನ್ಸಿ ಸ್ವಲ್ಪ ಕುಂದಿದರೂ ಹನಿ ಹೊಳೆಯುತ್ತದೆ, ಬೇರಿನ ಕೊಳಕು ಆರ್‌ಎನ್‌ಎಯನ್ನೂ ಒಂದು ಮಟ್ಟಿಗೆ ಸಹಿಸುತ್ತದೆ. ಸಿ-ಟಿ 33 ದಾಟುವ ವಿರಳ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳಿಗೆ (ಬೇರೆ ಜೀನ್‌ಗಳನ್ನು ನಿಯಂತ್ರಿಸುವವು), ಎ ಪ್ರತಿ ಎಷ್ಟು, ಬಿ ಪ್ರತಿ ಎಷ್ಟು ಎಂದು ಎರಡು ಬಣ್ಣದ ಪ್ರೋಬ್‌ನಲ್ಲಿ (ಆಯಾ ಪ್ರತಿಗೆ ಅಂಟಿ ಹೊಳೆಯುವ ತುಣುಕಿನಲ್ಲಿ) ಒಂದೇ ಗುಂಡಿಯಲ್ಲಿ ಕೇಳುವುದಕ್ಕೆ ಇದಕ್ಕೆ ಸಾಟಿಯಿಲ್ಲ.

ಆದರೆ ಮಾರಾಟಗಾರರು ಹೇಳುವ ‘ನಿಖರ ಎಣಿಕೆ’ ಸಿಡಿಎನ್‌ಎಯದ್ದು, ಆರ್‌ಎನ್‌ಎಯದ್ದಲ್ಲ. ಆರ್‌ಎನ್‌ಎಯನ್ನು ಸಿಡಿಎನ್‌ಎ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅರ್ಧ ಕೆಲಸ ಮಾಡಿದ್ದರೆ ಇದು ಆ ಅರ್ಧವನ್ನೇ ನಿಖರವಾಗಿ ಎಣಿಸಿ ಕೊಡುತ್ತದೆ. ರುಬಿಸ್ಕೋ ಸಣ್ಣ ಉಪಘಟಕದಂಥ ಹೇರಳ ಜೀನಿಗೆ ಎಲ್ಲ ಹನಿಗಳೂ ಹೊಳೆದುಬಿಡುತ್ತವೆ, ಲೆಕ್ಕವೇ ಸಿಗುವುದಿಲ್ಲ. ಇನ್ನೂ ನೂರು ಪಟ್ಟು ತೆಳು ಮಾಡಬೇಕು. ಗುಂಡಿಯೊಂದರ ಖರ್ಚು ಕ್ಯೂಪಿಸಿಆರ್‌ಗಿಂತ ಬಹಳ ಹೆಚ್ಚು. ಎಲ್ಲ ಜೀನಿಗೂ ಇದನ್ನೇ ಹಿಡಿಯುವುದು ದುಂದು.

ಆರ್‌ಎನ್‌ಎ-ಸೀಕ್

ಎಲ್ಲ ಜೀನ್‌ಗಳ ಆರ್‌ಎನ್‌ಎಯನ್ನೂ ಚೂರುಗಳಾಗಿ ಓದಿ (ಓದಿದ ಒಂದು ಚೂರು ಒಂದು ರೀಡ್) ಎಣಿಸುವ ವಿಧಾನ ಇದು. ಯಾವ ಜೀನ್ ಎಂದು ಮೊದಲೇ ಗೊತ್ತಿಲ್ಲದಾಗ ಇದೇ ದಾರಿ. ಸ್ಯಾಂಪಲ್‌ಗೆ 2ರಿಂದ 3 ಕೋಟಿ ರೀಡ್ ಸಾಕು. ಹಣ ಮಿಕ್ಕಿದ್ದರೆ ರೀಡ್ ಹೆಚ್ಚಿಸಬೇಡಿ, ಗಿಡ ಹೆಚ್ಚಿಸಿ: ಮೂರು ಗಿಡಕ್ಕೆ 6 ಕೋಟಿ ರೀಡ್‌ಗಿಂತ ಆರು ಗಿಡಕ್ಕೆ 3 ಕೋಟಿ ಯಾವತ್ತೂ ಮೇಲು. ರೈಬೋಸೋಮಲ್ ಆರ್‌ಎನ್‌ಎ ತೆಗೆಯುವ ಕಿಟ್ ಆರಿಸಿದ್ದರೆ ಅದು ಸಸ್ಯಕ್ಕೆ ಮಾಡಿದ್ದೇ ಎಂದು ಕೇಳಿ ತಿಳಿದುಕೊಳ್ಳಿ. ಮನುಷ್ಯ-ಇಲಿಗೆ ಮಾಡಿದ ಕಿಟ್ ಕ್ಲೋರೋಪ್ಲಾಸ್ಟಿನದನ್ನು ಮುಟ್ಟುವುದಿಲ್ಲ, ನಿಮ್ಮ ರೀಡ್‌ಗಳ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ. ಬರೀ ಜೀನ್ ಅಭಿವ್ಯಕ್ತಿ ಬೇಕಾದರೆ ಪಾಲಿ-ಎ ಬಾಲವಿರುವ ಆರ್‌ಎನ್‌ಎಯನ್ನಷ್ಟೇ ಹೆಕ್ಕುವ ಪಾಲಿ-ಎ ಆಯ್ಕೆಯೇ ಸರಳ.

ರಾಗಿಯ ತೊಡಕು ಇಲ್ಲಿ ಸಾಫ್ಟ್‌ವೇರ್ ವೇಷದಲ್ಲಿ ಬರುತ್ತದೆ. ಎ, ಬಿ ಎರಡಕ್ಕೂ ಸಮನಾಗಿ ಹೊಂದುವ ರೀಡನ್ನು ರೀಡ್ ಎಣಿಸುವ ಸಾಫ್ಟ್‌ವೇರ್ ಫೀಚರ್‌ಕೌಂಟ್ಸ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಎಣಿಸುವುದೇ ಇಲ್ಲ. ಹೀಗೆ ಎರಡೂ ಪ್ರತಿ ಹೆಚ್ಚು ಹೋಲುವ ಜೀನ್‌ಗಳು ವಿನಾಕಾರಣ ಕಡಿಮೆ ಕಾಣುತ್ತವೆ. ಸ್ಯಾಮನ್ ಎಂಬ ಇನ್ನೊಂದು ಸಾಫ್ಟ್‌ವೇರ್ ಅಂಥ ರೀಡನ್ನು ಸಂಭವನೀಯತೆಯ ಮೇಲೆ ಹಂಚುತ್ತದೆ. ರಾಗಿಗೆ ನಮ್ಮ ಆಯ್ಕೆ ಅದೇ. 150 ಬೇಸ್‌ನ ಜೋಡಿ ರೀಡ್ ಬಳಸಿದರೆ ಬೇರೆಯಾದ ಅಕ್ಷರ ಸಿಕ್ಕುವ ಅವಕಾಶ ಹೆಚ್ಚು.

ಸ್ಥಿತಿಗಳ ನಡುವಿನ ವ್ಯತ್ಯಾಸ ಲೆಕ್ಕ ಹಾಕುವ ಡಿಇಸೀಕ್2ಗೆ ಕಚ್ಚಾ ಎಣಿಕೆಯನ್ನೇ ಕೊಡಿ, ಟಿಪಿಎಂ (ಹತ್ತು ಲಕ್ಷದಲ್ಲಿ ಈ ಜೀನಿನ ಪಾಲು) ಕೊಡಬೇಡಿ. ಎಲೆಯಲ್ಲಿ ದ್ಯುತಿಸಂಶ್ಲೇಷಣೆಯ ಕೆಲವೇ ಜೀನ್‌ಗಳು ರೀಡ್‌ಗಳ ದೊಡ್ಡ ಪಾಲು ತಿನ್ನುತ್ತವೆ. ಬರದಲ್ಲಿ ಅವು ಕುಸಿದರೆ ಮಿಕ್ಕವುಗಳ ಪಾಲು ತಾನಾಗಿ ಏರಿದಂತೆ ತೋರುತ್ತದೆ. ಟಿಪಿಎಂ ಪಟ್ಟಿಯನ್ನಷ್ಟೇ ನೋಡಿ ‘ಈ ಜೀನ್ ಏರಿತು’ ಎನ್ನುವವರು ಬೀಳುವುದು ಇದೇ ಹಳ್ಳಕ್ಕೆ.

ಆರ್‌ಎನ್‌ಎಯ 3' ತುದಿಯನ್ನು ಮಾತ್ರ ಓದುವ ಅಗ್ಗದ ಲೈಬ್ರರಿಯೂ (ಓದಿಗೆ ಸಿದ್ಧಪಡಿಸಿದ ಮಾದರಿ) ಇದೆ, ಸುಮಾರು 50 ಲಕ್ಷ ರೀಡ್‌ಗೇ ಮುಗಿಯುತ್ತದೆ. ಭತ್ತಕ್ಕೆ, ಅರಾಬಿಡಾಪ್ಸಿಸ್‌ಗೆ ಧಾರಾಳವಾಗಿ ಬಳಸಿ. ಜೀನ್‌ಗಳ 3' ಗಡಿಯನ್ನು ಸರಿಯಾಗಿ ಗುರುತಿಸಿರದ ಬೆಳೆಗಳಲ್ಲಿ ರೀಡ್ ಜೀನಿನಾಚೆ ಬಿದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹಾಗೆಂದೇ ರಾಗಿಗೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ.

ಆರ್‌ಎನ್‌ಎ-ಸೀಕ್‌ಗೂ ಮೊದಲಿನ ವಿಧಾನ ಮೈಕ್ರೋಅರೇ, ಅಂದರೆ ಜೀನ್ ತುಣುಕುಗಳನ್ನು ಅಂಟಿಸಿದ ಚಿಪ್. ಅದು ಹುಟ್ಟಿದ್ದೇ ಸಸ್ಯದ ಮೇಲೆ, 1995ರಲ್ಲಿ, ಅರಾಬಿಡಾಪ್ಸಿಸ್‌ನ 45 ಜೀನ್‌ಗಳೊಂದಿಗೆ. ಮುಂದೆ ಬಂದ ಎಟಿಎಚ್1 ಚಿಪ್‌ನಲ್ಲಿ 22,000ಕ್ಕೂ ಹೆಚ್ಚು ಪ್ರೋಬ್ ಗುಂಪುಗಳಿದ್ದವು. ಅದರ ಹಳೆಯ ದತ್ತಾಂಶ ಇಂದಿಗೂ ರೆಫರೆನ್ಸ್ ಜೀನ್ ಹುಡುಕಲು ಉಪಯುಕ್ತ. ಹೊಸ ಪ್ರಯೋಗಕ್ಕೆ, ಅದೂ ರಾಗಿಯ ಮೇಲೆ, ಬೇರೆ ಬೆಳೆಯ ಚಿಪ್ ಹಾಕುವುದರಲ್ಲಿ ಅರ್ಥವಿಲ್ಲ.

ಒಂದನ್ನು ಇನ್ನೊಂದರಿಂದ ಖಚಿತಪಡಿಸುವಾಗ

ಆರ್‌ಎನ್‌ಎ-ಸೀಕ್ ಫಲಿತಾಂಶವನ್ನು ಅದೇ ಟ್ಯೂಬಿನ ಆರ್‌ಎನ್‌ಎ ಮೇಲೆ ಕ್ಯೂಪಿಸಿಆರ್ ಮಾಡಿ ಖಚಿತಪಡಿಸುವ ಪದ್ಧತಿ ಬಹುಮಟ್ಟಿಗೆ ಪ್ರಬಂಧ ಪರಿಶೀಲಿಸುವ ವಿಮರ್ಶಕರ ಸಮಾಧಾನಕ್ಕೆ. ಎಲೆ ಕೀಳುವಾಗ ಆದ ಎಡವಟ್ಟು ಎರಡರಲ್ಲೂ ಒಂದೇ ಆಗಿರುವುದರಿಂದ ಎರಡೂ ತಪ್ಪಾಗಿ ಹೊಂದಿಕೊಳ್ಳುತ್ತವೆ. ಆ ಹಣದಲ್ಲಿ ಹೊಸದಾಗಿ ಗಿಡ ಬೆಳೆಸಿ, ಹೊಸದಾಗಿ ಬರ ಕೊಟ್ಟು, ಹೊಸ ಆರ್‌ಎನ್‌ಎಯಲ್ಲಿ ಎಂಟು ಹತ್ತು ಜೀನ್ ನೋಡುವುದು ವಾಸಿ. ಆಯ್ಕೆಯಲ್ಲಿ ಹೆಚ್ಚು ಏರಿದ ಜೀನ್‌ಗಳನ್ನಷ್ಟೇ ಸೇರಿಸದೆ, ಎರಡು ಪಟ್ಟಿನೊಳಗೆ ಬದಲಾದ ಎರಡು ಮೂರನ್ನೂ ಇಡಿ. ವಿಧಾನಗಳು ಬೇರೆಯಾಗುವುದು ಅಲ್ಲೇ. ಎಣಿಕೆ ಎ ಪ್ರತಿಯದ್ದಾಗಿದ್ದರೆ ಪ್ರೈಮರ್ ಕೂಡ ಎ ಪ್ರತಿಗೇ ಕಟ್ಟಿದ್ದಾಗಿರಬೇಕು, ಇಲ್ಲವಾದರೆ ಎರಡು ಪ್ರತಿಗಳ ಎಣಿಕೆ ಕೂಡಿಸಿ ಹೋಲಿಸಿ.