ಮೇಲುಕೋಟೆ: ಮೊದಲು ಬೆಟ್ಟ, ಆಮೇಲೆ ಚೆಲುವರಾಯ

ಮೈಸೂರಿನಿಂದ ಸುಮಾರು 50 ಕಿ.ಮೀ., ಮಂಡ್ಯದಿಂದ ಇನ್ನೂ ಹತ್ತಿರ. ಹತ್ತಿರವೇ ತಾನೇ ಎಂದು ತಿಂಡಿ ಮುಗಿಸಿ ನಿಧಾನಕ್ಕೆ ಹೊರಟವರು ಊರು ಮುಟ್ಟುವಾಗ ಹನ್ನೆರಡಾಗಿರುತ್ತದೆ. ಎಡವಟ್ಟಾಗುವುದು ಇಲ್ಲೇ. ಮಧ್ಯಾಹ್ನ ಒಂದರ ಸುಮಾರಿಗೆ ಮೇಲಿನ ಯೋಗಾನರಸಿಂಹನ ಗುಡಿಗೂ ಕೆಳಗಿನ ಚೆಲುವನಾರಾಯಣನ (ಚೆಲುವರಾಯನ) ಗುಡಿಗೂ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ಇಳಿಹೊತ್ತಿಗೆ. ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿದ್ದರೆ ಎರಡೂ ದರ್ಶನ ಆರಾಮಾಗಿ ಮುಗಿಯುತ್ತದೆ.

ಬೆಟ್ಟವನ್ನೇ ಮೊದಲು ಹತ್ತಿ. ಕಲ್ಯಾಣಿಯ ಕಡೆಯಿಂದ ಹೊರಟರೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು; ಮಂಡಿನೋವಿನವರು ಅರ್ಧದವರೆಗೆ ಕಾರಿನಲ್ಲಿ ಹೋಗಬಹುದು. ಬಿಸಿಲೇರಿದ ಮೇಲೆ ಬರಿಗಾಲಿಗೆ ಕಲ್ಲು ಸುಡುತ್ತದೆ, ಮಕ್ಕಳು ಅಲ್ಲೇ ರಂಪ ತೆಗೆಯುತ್ತಾರೆ. ಹಣ್ಣುಕಾಯಿಯ ಕವರ್ ಕೈಯಲ್ಲಿ ತೂಗಾಡಿಸಿಕೊಂಡು ಹೋದರೆ ಅದು ಕೋತಿಯ ಪಾಲು. ಬಟ್ಟೆ ಚೀಲದೊಳಗೆ ಹಾಕಿ ಬಾಯಿ ಕಟ್ಟಿ.

ಕೆಳಗಿನ ಗುಡಿಯಲ್ಲಿ ಜನ ಮಾಡುವ ತಪ್ಪೆಂದರೆ ಸಾಲಿನಲ್ಲಿ ನಿಂತು, ಮಂಗಳಾರತಿ ತೆಗೆದುಕೊಂಡು, ತಿರುಗಿ ನೋಡದೆ ಹೊರಡುವುದು. 12ನೇ ಶತಮಾನದಲ್ಲಿ ಚೋಳ ನಾಡು ಬಿಟ್ಟು ಬಂದ ರಾಮಾನುಜರು ಇಲ್ಲಿ 12 ವರ್ಷ ಇದ್ದರೆಂಬುದು ಸಂಪ್ರದಾಯ. ಊರಿಗೆ ತಿರುನಾರಾಯಣಪುರವೆಂಬ ಹೆಸರೂ ಉಂಟು. ಅಸ್ಪೃಶ್ಯರೆನಿಸಿಕೊಂಡವರನ್ನು ‘ತಿರುಕುಲದವರು’ ಎಂದು ಕರೆದು ವರ್ಷದಲ್ಲಿ ಮೂರು ದಿನ ಗುಡಿಯೊಳಗೆ ಬಿಟ್ಟಿದ್ದೂ ರಾಮಾನುಜರ ಹೆಸರಿನಲ್ಲೇ ನಡೆದುಬಂದ ಪದ್ಧತಿ. ಮೂರೇ ದಿನವೇ ಎಂದು ಇಂದು ಅನಿಸಬಹುದು, ಆ ಕಾಲಕ್ಕೆ ಅದೂ ಅಪರೂಪವೇ. ಮುಂದೆ 15ನೇ ಶತಮಾನದಲ್ಲಿ, ವಿಜಯನಗರದ ಆಳ್ವಿಕೆಯಲ್ಲಿ, ನಾಗಮಂಗಲದ ತಿಮ್ಮಣ್ಣ ದಂಡನಾಯಕ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದ. ಅಮ್ಮನವರ ಸನ್ನಿಧಿಯ ಮುಂದಿನ ಮಂಟಪದ ಕಂಬಗಳ ಮುಂದೆ ಹತ್ತು ನಿಮಿಷವಾದರೂ ನಿಲ್ಲಿ, ಕೆತ್ತನೆ ಅಷ್ಟು ಸೂಕ್ಷ್ಮ.

ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ, ಇನ್ನೊಂದು ಕಂಬ ಹುಡುಕಬೇಕು. ಒಂದೂವರೆ ಅಡಿಯಷ್ಟು ಎತ್ತರದ ಉಬ್ಬುಶಿಲ್ಪ, ಕೈಮುಗಿದು ನಿಂತ ರಾಜ ಒಡೆಯರದ್ದು. ಕಾಲಡಿ ಹೆಸರೂ ಕೊರೆದಿದೆ. 1578ರಿಂದ 1617ರವರೆಗೆ ಮೈಸೂರು ಆಳಿದವರು, ದೇವರಿಗೆ ರಾಜಮುಡಿ ಎಂಬ ಕಿರೀಟ ಕೊಟ್ಟವರು. ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕಿರೀಟ ಕೃಷ್ಣರಾಜಮುಡಿ. ಇವೆರಡಕ್ಕೂ ಹಳೆಯದು ವೈರಮುಡಿ. ಅದನ್ನು ತಂದವನು ಗರುಡ ಎಂಬುದು ಸ್ಥಳಪುರಾಣ.

ವೈರಮುಡಿ ಉತ್ಸವ ಮಾರ್ಚ್–ಏಪ್ರಿಲ್‌ನಲ್ಲಿ. ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುತ್ತದೆ. ಅದರ ಮೇಲೆ ಬಿಸಿಲು ಬೀಳಬಾರದೆಂದು ಉತ್ಸವ ರಾತ್ರಿಯೇ ನಡೆಯುತ್ತದೆ. ನೋಡಲೇಬೇಕಾದ್ದು ನಿಜ. ಆದರೆ ಮೊದಲ ಸಲ ಬರುವವರಿಗೆ, ವಯಸ್ಸಾದವರಿಗೆ ಆ ದಿನ ಬೇಡ. ವಾಹನ ಊರಾಚೆಯೇ ನಿಲ್ಲಿಸಬೇಕು, ನೂಕುನುಗ್ಗಲಲ್ಲಿ ಗುಡಿಯೊಳಗಿನ ಯಾವ ಕಂಬವೂ ಕಾಣುವುದಿಲ್ಲ. ಕೆತ್ತನೆ ನೋಡುವ ಆಸೆ ಇದ್ದರೆ ಶನಿವಾರ, ಭಾನುವಾರ ಬಿಟ್ಟು ಬನ್ನಿ.

ರಾಯಗೋಪುರ, ಅಕ್ಕತಂಗಿ ಕೊಳಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಅಲ್ಲಿ ಬಾಗಿಲ ಕಾಟವಿಲ್ಲ. ಕಲ್ಯಾಣಿಯಲ್ಲಿ ಮಾತ್ರ ನೀರಿಗೆ ತಾಗಿದ ಮೆಟ್ಟಿಲಿಗೆ ಇಳಿಯಬೇಡಿ, ಪಾಚಿ ಜಾರುತ್ತದೆ.

ಊರಿಗೆ ಕೊರತೆ ಎಂದರೆ ಮಾಹಿತಿಯದು. ಶಾಸನ ಯಾವುದು, ಯಾವ ಮಂಟಪ ಯಾರ ಕಾಲದ್ದು ಎಂದು ನಾಲ್ಕು ಸಾಲಿನ ಕನ್ನಡ ಫಲಕ ಕಂಬದ ಪಕ್ಕ ಹಾಕಿದರೆ ಜನ ನಿಂತು ಓದುತ್ತಾರೆ.

ಪುಳಿಯೋಗರೆಗೆ ಬರೋಣ. ಎಲೆಯಲ್ಲಿ ಬಿಸಿಬಿಸಿ ತಿನ್ನುವುದಕ್ಕಿಂತ ಕಲಸಿ ಗಂಟೆ ಹೊತ್ತಾದದ್ದೇ ರುಚಿ, ಹುಳಿ ಅನ್ನಕ್ಕೆ ಹಿಡಿದಿರುತ್ತದೆ. ಮನೆಗೆ ಗೊಜ್ಜು ಕೊಳ್ಳುವುದಾದರೆ ಮೇಲೆ ಎಣ್ಣೆ ತೇಲುತ್ತಿರುವುದನ್ನೇ ಆರಿಸಿ, ನೀರಾಗಿದ್ದರೆ ಬೇಗ ಬೂಸ್ಟು ಬರುತ್ತದೆ. ಅನ್ನವನ್ನು ಉದುರಾಗಿ ಮಾಡಿ, ತಟ್ಟೆಯಲ್ಲಿ ಹರವಿ ಆರಿಸಿಯೇ ಕಲಸಿ. ಬಿಸಿ ಅನ್ನಕ್ಕೆ ಹಾಕಿದರೆ ಮುದ್ದೆಯಾಗುತ್ತದೆ. ಎಳ್ಳು, ಕೊಬ್ಬರಿ ಪುಡಿಯನ್ನು ಕೊನೆಗೆ ಉದುರಿಸಿ, ಒಣ ಚಮಚದಲ್ಲೇ ಗೊಜ್ಜು ತೆಗೆಯಿರಿ.