ಲ್ಯಾಟಿನ್ ಗಾದೆ ಬಿಡಿಸಲು ವಿಟೇಕರ್ಸ್ ವರ್ಡ್ಸ್: ಎಲ್ಲಿ ನಂಬಬಹುದು, ಎಲ್ಲಿ ಬೇಡ

ಲ್ಯಾಟಿನ್ ಗಾದೆಗಳ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಎಡಗಡೆ ಲ್ಯಾಟಿನ್, ಬಲಗಡೆ ಇಂಗ್ಲಿಷ್ ಅರ್ಥ. ನೂರು ಸಾಲು ಬಾಯಿಪಾಠ ಮಾಡಿದರೂ ನೂರಾ ಒಂದನೆಯದು ಎದುರಾದಾಗ ಅರ್ಥವಾಗುವುದಿಲ್ಲ. ಯಾವ ಪದ ಯಾವ ವಿಭಕ್ತಿಯಲ್ಲಿದೆ, ಮೂಲರೂಪ ಯಾವುದು ಎಂದು ಪಟ್ಟಿ ಹೇಳುವುದೇ ಇಲ್ಲ. ಈ ಕೊರತೆ ನೀಗಿಸಲು ಇರುವ ಉಚಿತ ತಂತ್ರಾಂಶಗಳಲ್ಲಿ ವಿಟೇಕರ್ಸ್ ವರ್ಡ್ಸ್ ಈಗಲೂ ಮುಂದಿದೆ.

ಬರೆದವರು ವಿಲಿಯಂ ವಿಟೇಕರ್, ಅಮೆರಿಕದ ವಾಯುಪಡೆಯ ನಿವೃತ್ತ ಕರ್ನಲ್. ಅಡಾ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಲು ಕಾರಣವಾದ ರಕ್ಷಣಾ ಇಲಾಖೆಯ ತಂಡಕ್ಕೆ ಅಧ್ಯಕ್ಷರಾಗಿದ್ದವರು. ಈ ತಂತ್ರಾಂಶವೂ ಅಡಾದಲ್ಲೇ ಇದೆ. ನಿಘಂಟಿನಲ್ಲಿ ಸುಮಾರು 39,000 ನಮೂದುಗಳು. 2010ರಲ್ಲಿ ಅವರು ತೀರಿಕೊಂಡರೂ ಕೋಡ್ ಮುಕ್ತವಾಗಿರುವುದರಿಂದ ಕೆಲಸ ನಿಂತಿಲ್ಲ.

ಬಳಕೆ ಸುಲಭ. ಇಡೀ ಸಾಲನ್ನೇ ಟೈಪ್ ಮಾಡಿದರೆ ಪ್ರತಿ ಪದವನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. ನಮ್ಮ ಕೋರ್ಟುಗಳಲ್ಲಿ ಆಗಾಗ ಕೇಳಿಬರುವ ‘ಆಡಿ ಆಲ್ಟೆರಮ್ ಪಾರ್ಟೆಮ್’ ಕೊಟ್ಟು ನೋಡಿ. ‘ಆಡಿ’ ಮುಂದೆ ‘ವಿ 4 1 ಪ್ರೆಸ್ ಆಕ್ಟಿವ್ ಇಂಪ್ 2 ಎಸ್’ ಎಂದು ಬರುತ್ತದೆ: ನಾಲ್ಕನೇ ಗಣದ ಕ್ರಿಯಾಪದ, ಮಧ್ಯಮ ಪುರುಷ ಏಕವಚನ, ಆಜ್ಞಾರ್ಥ, ಅಂದರೆ ‘ಕೇಳು’. ಉಳಿದೆರಡೂ ದ್ವಿತೀಯಾ ವಿಭಕ್ತಿ. ಪಾರ್ಟೆಮ್‌ನ ಮೂಲ ‘ಪಾರ್ಸ್’. ಅದರ ಅರ್ಥಗಳಲ್ಲಿ ‘ಭಾಗ’ ಮೊದಲು ಬರುತ್ತದೆ, ನಮಗೆ ಬೇಕಾದ ‘ಪಕ್ಷ’ ಪಟ್ಟಿಯ ಕೊನೆಯಲ್ಲಿರುತ್ತದೆ. ಮೊದಲ ಅರ್ಥ ಹಿಡಿದುಕೊಂಡು ಹೊರಟವರು ಎಡವುವುದು ಇಲ್ಲೇ. ಸಾಲು ಪೂರ್ತಿ ಓದಿದರೆ ‘ಇನ್ನೊಂದು ಪಕ್ಷದ ಮಾತನ್ನೂ ಕೇಳು’ ಎಂಬ ಸಹಜ ನ್ಯಾಯದ ತತ್ವ ತಾನಾಗಿ ಕೂಡಿಬರುತ್ತದೆ. ರಿಟ್‌ಗಳ ಹೆಸರಿಗೂ ಇದೇ ದಾರಿ: ‘ಮ್ಯಾಂಡಮಸ್’ ಎಂದರೆ ‘ಆಜ್ಞಾಪಿಸುತ್ತೇವೆ’, ಉತ್ತಮ ಪುರುಷ ಬಹುವಚನ, ‘ಸರ್ಷಿಯೋರರಿ’ ಕರ್ಮಣಿ ಪ್ರಯೋಗದ ರೂಪ. ಕಾನೂನು ವಿದ್ಯಾರ್ಥಿಗಳಿಗೆ ಇಷ್ಟು ಸಾಕು, ಹೆಸರುಗಳು ಮತ್ತೆ ಮರೆಯುವುದಿಲ್ಲ.

ಪ್ರತಿ ನಮೂದಿನ ಪಕ್ಕದ ಚೌಕ ಕಂಸದಲ್ಲಿ ಐದು ಅಕ್ಷರಗಳಿರುತ್ತವೆ. ಹೆಚ್ಚಿನವರು ಅದನ್ನು ನೋಡುವುದಿಲ್ಲ, ನೋಡಲೇಬೇಕು. ಮೊದಲನೆಯದು ಪದ ಬಳಕೆಯಲ್ಲಿದ್ದ ಕಾಲ, ಎರಡನೆಯದು ಕ್ಷೇತ್ರ (ಎಲ್ ಎಂದರೆ ಕಾನೂನು, ಬಿ ಎಂದರೆ ವೈದ್ಯಕೀಯ ಮತ್ತು ಜೀವಶಾಸ್ತ್ರ), ಮೂರನೆಯದು ಪ್ರದೇಶ, ನಾಲ್ಕನೆಯದು ಬಳಕೆಯ ಪ್ರಮಾಣ, ಐದನೆಯದು ಆಕರ. ನಾಲ್ಕನೆಯ ಅಕ್ಷರ ಎ ಅಥವಾ ಬಿ ಇರುವ ಪದಗಳನ್ನು ಮೊದಲು ಕಲಿಯಿರಿ. ಇ, ಎಫ್ ಇದ್ದರೆ ಸದ್ಯಕ್ಕೆ ಬಿಡಿ.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ‘ಅಬ್ಲೇಟಿವ್’ ಎಂಬ ವಿಭಕ್ತಿ ಬಂದಾಗ ಇಂಗ್ಲಿಷ್ ಮೂಲಕ ಹೋಗುವವರು ನಾಲ್ಕಾರು ಪ್ರೆಪೊಸಿಷನ್ ಹುಡುಕುತ್ತಾರೆ. ನಾವು ಮೊದಲು ‘ಇಂದ’ ಹಚ್ಚಿ ನೋಡಬೇಕು, ಹೊಂದದಿದ್ದರೆ ‘ಅಲ್ಲಿ’. ‘ಅಬ್ ಓವೋ’ ಮೊಟ್ಟೆಯಿಂದ. ‘ಇನ್ ಕೊರ್ಪೊರೆ’ ದೇಹದಲ್ಲಿ. ಬಹುಪಾಲು ಗಾದೆಗಳಿಗೆ ಈ ಎರಡೇ ಸಾಕಾಗುತ್ತವೆ.

ಈಗ ದೊಡ್ಡ ದೋಷಕ್ಕೆ ಬರೋಣ: ವರ್ಡ್ಸ್‌ಗೆ ಹ್ರಸ್ವ-ದೀರ್ಘ ಗೊತ್ತಿಲ್ಲ. ಹೊರೇಸ್ ಕವಿಯ ‘ಅಬ್ ಓವೋ ಊಸ್ಕ್ವೆ ಅದ್ ಮಾಲ’ ತೆಗೆದುಕೊಳ್ಳಿ. ರೋಮನ್ನರ ಊಟ ಮೊಟ್ಟೆಯಿಂದ ಶುರುವಾಗಿ ಹಣ್ಣಿನಿಂದ ಮುಗಿಯುತ್ತಿತ್ತು, ಹಾಗಾಗಿ ಇದು ‘ಮೊದಲಿನಿಂದ ಕೊನೆಯವರೆಗೆ’ ಎಂಬ ಮಾತು. ಕೊನೆಯ ಪದವನ್ನು ಟೈಪ್ ಮಾಡಿದರೆ ಸೇಬು, ಕೇಡು, ಕೆಟ್ಟ, ದವಡೆ ಎಲ್ಲವೂ ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆ. ಲ್ಯಾಟಿನ್‌ನಲ್ಲಿ ಸೇಬಿನ ‘ಮಾ’ ದೀರ್ಘ, ಕೇಡಿನ ‘ಮ’ ಹ್ರಸ್ವ. ಈ ವ್ಯತ್ಯಾಸ ತಿಳಿಯದ ಹೊಸಬರು ‘ಮೊಟ್ಟೆಯಿಂದ ಕೇಡಿನವರೆಗೆ’ ಎಂದು ಓದಿದರೆ ತಪ್ಪು ಅವರದಲ್ಲ. ಮೂಳೆ ಮತ್ತು ಬಾಯಿಗೂ ಇದೇ ತೊಡಕು: ‘ಒಸ್’ ಮೂಳೆ, ‘ಓಸ್’ ಬಾಯಿ. ವೈದ್ಯಕೀಯ ಪದಗಳನ್ನು ಕಲಿಯುವವರು ಇದನ್ನು ಗಮನದಲ್ಲಿಡಬೇಕು. ನೋಟ್ಸ್ ಬರೆಯುವಾಗ ಲ್ಯಾಟಿನ್ ಪದದ ಪಕ್ಕ ಕನ್ನಡ ಲಿಪಿಯಲ್ಲೂ ಬರೆದುಕೊಂಡರೆ ಹ್ರಸ್ವ-ದೀರ್ಘ ತಪ್ಪುವುದಿಲ್ಲ, ಬೇರೆ ಚಿಹ್ನೆಯೂ ಬೇಡ.

ದೀರ್ಘ ಎಲ್ಲಿದೆ ಎಂದು ತಿಳಿಯಲು ಶಿಕಾಗೋ ವಿಶ್ವವಿದ್ಯಾಲಯದ ಲೊಗೇಯಾನ್ ಎಂಬ ನಿಘಂಟು ಜಾಲತಾಣ ತೆರೆಯಬೇಕು. ಅದೂ ಉಚಿತ. 1879ರ ಲೂಯಿಸ್ ಮತ್ತು ಶಾರ್ಟ್ ನಿಘಂಟು ಅದರೊಳಗಿದೆ. ಯಾವ ಲೇಖಕ ಆ ಪದವನ್ನು ಎಲ್ಲಿ ಬಳಸಿದ ಎಂಬ ಉಲ್ಲೇಖಗಳೂ ಸಿಗುತ್ತವೆ. ಗಾದೆಗಳಿಗೆ ಇದು ಮುಖ್ಯ. ‘ಮೆನ್ಸ್ ಸಾನ ಇನ್ ಕೊರ್ಪೊರೆ ಸಾನೋ’ವನ್ನು ‘ಆರೋಗ್ಯದ ದೇಹದಲ್ಲಿ ಆರೋಗ್ಯದ ಮನಸ್ಸು ಇರುತ್ತದೆ’ ಎಂದು ಪಟ್ಟಿಗಳು ಹೇಳುತ್ತವೆ. ರೋಮನ್ ಕವಿ ಜುವೆನಾಲ್‌ನ ಹತ್ತನೆಯ ಸಟೈರ್‌ನಲ್ಲಿ (ವಿಡಂಬನ ಕಾವ್ಯದಲ್ಲಿ) ಅದರ ಹಿಂದೆ ‘ಇರಲಿ ಎಂದು ಪ್ರಾರ್ಥಿಸಬೇಕು’ ಎಂಬ ಮಾತಿದೆ. ಅಲ್ಲಿರುವುದು ಬೇಡಿಕೆ, ಸಿದ್ಧಾಂತವಲ್ಲ. ವರ್ಡ್ಸ್ ಇದನ್ನು ತೋರಿಸಲಾರದು. ಅಷ್ಟೇ ಅಲ್ಲ, ‘ಸಾನೋ’ಗೆ ‘ಗುಣಪಡಿಸುತ್ತೇನೆ’ ಎಂಬ ಕ್ರಿಯಾಪದವನ್ನೂ ಮುಂದಿಡುತ್ತದೆ. ಅದು ನೋಡುವುದು ಪದವನ್ನು, ವಾಕ್ಯವನ್ನಲ್ಲ.

ಇನ್ನೊಂದು ಎಚ್ಚರಿಕೆ. ನಿಘಂಟಿನಲ್ಲಿ ಇಲ್ಲದ ಪದ ಕೊಟ್ಟರೆ ಅದು ಸುಮ್ಮನಿರುವುದಿಲ್ಲ, ಎರಡು ಪದ ಸೇರಿರಬಹುದು ಎಂದು ಒಡೆದು ತೋರಿಸುತ್ತದೆ. ಅಂಥ ಉತ್ತರ ಬಂದರೆ ಮೊದಲು ಕಾಗುಣಿತ ಪರೀಕ್ಷಿಸಿ. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಐ-ಜೆ, ಯು-ವಿ ಅದಲುಬದಲಾದರೆ ತೊಂದರೆಯಿಲ್ಲ, ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಇಂಗ್ಲಿಷ್‌ನಿಂದ ಲ್ಯಾಟಿನ್‌ಗೆ ಹೋಗುವ ವಿಭಾಗ ಮಾತ್ರ ದುರ್ಬಲ. ಮೂಲರೂಪ ಕೊಡುತ್ತದೆ, ಲಿಂಗ-ವಚನ-ವಿಭಕ್ತಿ ಹೊಂದಿಸುವುದಿಲ್ಲ. ಶಾಲೆಯ ಲಾಂಛನಕ್ಕೋ ಹಚ್ಚೆಗೋ ಧ್ಯೇಯವಾಕ್ಯ ಬೇಕಾದವರು ಇಲ್ಲಿ ಸಿಕ್ಕ ಪದಗಳನ್ನು ಹಾಗೇ ಜೋಡಿಸಬೇಡಿ, ಲ್ಯಾಟಿನ್ ಓದಿದವರಿಗೆ ಒಮ್ಮೆ ತೋರಿಸಿ.